ಅಟ್ಟೆ ಮಲ್ಲಿಗೆಗೆ ಎಷ್ಟು ಕೊಡಬಹುದು?



ನಿಮ್ಮ ಕಾಗದ ತಲುಪಿತು. ಕೊನೆಯ ಸಾಲಿನಲ್ಲಿ ಕೇಳಿದ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ. ಮರೆವಿನ ಕಾಯಿಲೆ ಶುರುವಾಗಿರುವ ಅಮ್ಮನಿಗೆ ಮನಸ್ಸಿಲ್ಲದಿದ್ದರೆ, ನಿಮ್ಮ ತಮ್ಮ ಟೆಕ್ಸಾಸಿನಿಂದ ಕಳಿಸಿದ ಟ್ಯಾಬ್ಲೆಟ್ಟಿನ ಮುಂದೆ ಅವರನ್ನು ದಿನಾ ಅರ್ಧ ಗಂಟೆ ಕೂರಿಸಿ 'ಮೆದುಳಿನ ವ್ಯಾಯಾಮ' ಮಾಡಿಸಬೇಕಾಗಿಲ್ಲ. ಇದನ್ನು ತಮ್ಮನಿಗೆ ಬೇಜಾರಾಗದ ಹಾಗೆ ಹೇಳುವುದು ಬೇರೆಯೇ ತಲೆನೋವು. ಅದಕ್ಕೆ ಆಮೇಲೆ ಬರೋಣ.

ಅವನು ಕಳಿಸಿದ್ದರಲ್ಲಿ ಪ್ರೀತಿಗೇನೂ ಕೊರತೆಯಿಲ್ಲ ಬಿಡಿ. ದೂರದಲ್ಲಿರುವ ಮಕ್ಕಳಿಗೆ ಏನಾದರೂ ಮಾಡಲೇಬೇಕು ಅನ್ನಿಸುತ್ತದೆ, ಮಾಡಲಿಕ್ಕೆ ಆಗುವುದು ಏನೋ ಒಂದನ್ನು ಕಳಿಸುವುದಷ್ಟೇ. ಇಂಥ ಆಟಗಳನ್ನು ಮಾರುವವರ ಮಾತೂ ಹಾಗೇ ಇರುತ್ತದೆ, ಯಾರಿಗಾದರೂ ನಂಬಬೇಕು ಅನ್ನಿಸುವ ಹಾಗೆ. ಲ್ಯುಮೋಸಿಟಿ ಅಂತ ಒಂದು ಹೆಸರಾಂತ ಆಟವಿದೆ. ವಯಸ್ಸಿನ ಜೊತೆ ಬರುವ ಮರೆವನ್ನು, ಡಿಮೆನ್ಷಿಯಾವನ್ನು ಕೂಡ ಅದು ತಡೆಯುತ್ತದೆ ಎಂಬರ್ಥದ ಜಾಹೀರಾತು ಕೊಟ್ಟಿದ್ದಕ್ಕೆ, ಅದಕ್ಕೆ ತಕ್ಕ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ದಾಖಲಿಸಿತು. 2016ರಲ್ಲಿ ಕಂಪನಿ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು.

ಹಾಗಂತ ಮೆದುಳಿಗೆ ತರಬೇತಿ ಕೊಡುವುದೇ ಸುಳ್ಳು ಎಂದೂ ಅಲ್ಲ. ಅದೇ ಅಮೆರಿಕದಲ್ಲಿ 'ಆಕ್ಟಿವ್' ಎಂಬ ದೊಡ್ಡ ಅಧ್ಯಯನ ನಡೆದಿದೆ. 65 ದಾಟಿದ, ಡಿಮೆನ್ಷಿಯಾ ಇಲ್ಲದ 2,832 ಜನ ಅದರಲ್ಲಿದ್ದರು. ಒಂದು ಗುಂಪಿಗೆ ನೆನಪಿನ ತರಬೇತಿ, ಇನ್ನೊಂದಕ್ಕೆ ತರ್ಕದ್ದು, ಮತ್ತೊಂದಕ್ಕೆ ಕಂಡದ್ದನ್ನು ಬೇಗ ಗುರುತಿಸುವ ವೇಗದ್ದು. ಹತ್ತು ತರಗತಿ, ಐದಾರು ವಾರ. ನಾಲ್ಕನೆಯ ಗುಂಪಿಗೆ ಏನೂ ಇಲ್ಲ. 2002ರಲ್ಲಿ ಮೊದಲ ಫಲಿತಾಂಶ ಬಂತು. ಯಾರು ಯಾವುದನ್ನು ಕಲಿತರೋ ಅವರು ಅದರಲ್ಲಿ ಚುರುಕಾಗಿದ್ದರು, ಬೇರೆಯದರಲ್ಲಿ ಅಲ್ಲ. ಹತ್ತು ವರ್ಷದ ನಂತರ ನೋಡಿದಾಗ ತರ್ಕ ಮತ್ತು ವೇಗದವರಿಗೆ ಒಂದಿಷ್ಟು ಲಾಭ ಉಳಿದಿತ್ತು, ನೆನಪಿನ ತರಬೇತಿ ಪಡೆದವರಿಗೆ ಉಳಿದಿರಲಿಲ್ಲ. ಗಮನಿಸಿ, ಇದು ಆರೋಗ್ಯವಾಗಿದ್ದವರ ಕಥೆ. ನಿಮ್ಮ ಅಮ್ಮನ ಹಾಗೆ ಕಾಯಿಲೆ ಈಗಾಗಲೇ ಶುರುವಾದವರ ವಿಷಯದಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆಗೆ ದಾರಿ ತೋರಿಸುವ ನೈಸ್ ಸಂಸ್ಥೆ 2018ರಲ್ಲಿ ನೇರವಾಗಿಯೇ ಹೇಳಿತು: ಆರಂಭದ ಮತ್ತು ಮಧ್ಯಮ ಹಂತದ ಆಲ್ಝೈಮರ್ಸ್‌ಗೆ ಚಿಕಿತ್ಸೆಯೆಂದು ಈ ಬಗೆಯ ತರಬೇತಿ ಕೊಡಬೇಡಿ. ಅದೇ ಕಡತದಲ್ಲಿ ಇನ್ನೊಂದನ್ನು ಕೊಡಿ ಎಂದೂ ಬರೆದಿದೆ. ನಾನು ನಿಮಗೆ ಹೇಳಬೇಕೆಂದಿರುವುದು ಆ ಇನ್ನೊಂದರ ಬಗ್ಗೆ.

ಅದಕ್ಕೆ ಮುಂಚೆ ನಿಮ್ಮ ಕಾಗದದ ಎರಡನೇ ಪುಟಕ್ಕೆ ಬರುತ್ತೇನೆ. ಮನೆಗೆ ಬಂದವರೆಲ್ಲ ಅಮ್ಮನ ಮುಂದೆ ಕೂತು "ನಾನು ಯಾರು ಹೇಳಿ ನೋಡೋಣ" ಅನ್ನುತ್ತಾರೆ, ನೀವೂ ಬೆಳಿಗ್ಗೆ ಎದ್ದ ಕೂಡಲೇ "ಇವತ್ತು ಯಾವ ವಾರ, ನಿನ್ನೆ ರಾತ್ರಿ ಊಟಕ್ಕೆ ಏನಿತ್ತು" ಎಂದು ಕೇಳಿ ನೆನಪನ್ನು ಚುರುಕು ಮಾಡಲು ನೋಡುತ್ತೀರಿ, ಅಮ್ಮ ಮೊದಮೊದಲು ನಗುತ್ತಿದ್ದವರು ಈಗ ಕೋಣೆಯಿಂದ ಹೊರಗೇ ಬರುವುದಿಲ್ಲ ಎಂದಿದ್ದೀರಿ. ನಾನಾಗಿದ್ದರೂ ಬರುತ್ತಿರಲಿಲ್ಲ. ಎಪ್ಪತ್ತೆಂಟರ ವಯಸ್ಸಿನಲ್ಲಿ ದಿನಕ್ಕೆ ನಾಲ್ಕು ಸಲ ಪರೀಕ್ಷೆ, ನಾಲ್ಕೂ ಸಲ ನಪಾಸು, ಅದೂ ನೆಂಟರ ಎದುರಿಗೆ. ಈ ಕಾಯಿಲೆ ಸಾಮಾನ್ಯವಾಗಿ ಮೊದಲು ತಿನ್ನುವುದೇ ಹೊಸ ನೆನಪನ್ನು. ನಿನ್ನೆಯ ಊಟ ಒಳಗೆ ಗಟ್ಟಿಯಾಗಿ ದಾಖಲಾಗಿಯೇ ಇರುವುದಿಲ್ಲ. ಇಲ್ಲದ್ದನ್ನು ಎಷ್ಟು ಸಲ ಹುಡುಕಿಸಿದರೂ ಅದು ಬರುವುದಿಲ್ಲ, ಸೋತೆ ಎಂಬ ಸಂಕಟ ಮಾತ್ರ ಉಳಿಯುತ್ತದೆ. ಮಾತು ಮರೆತರೂ ಆ ಸಂಕಟ ಬಹಳ ಹೊತ್ತು ಹೋಗುವುದಿಲ್ಲ. ನೆನಪಿನ ಪರೀಕ್ಷೆ ಮಾಡಬೇಕಾದವರು ಡಾಕ್ಟರು, ಅವರು ಆರು ತಿಂಗಳಿಗೊಮ್ಮೆ ಮಾಡಿಕೊಳ್ಳಲಿ. ಮನೆಯಲ್ಲಿ ಅದು ಬೇಡ. ಬಂದವರು ಬಾಗಿಲಲ್ಲೇ ತಮ್ಮ ಹೆಸರು, ಊರು ಹೇಳಿಕೊಂಡು ಒಳಗೆ ಬರುವ ಹಾಗೆ ನೀವೇ ಮೊದಲೇ ಫೋನಿನಲ್ಲಿ ಹೇಳಿಡಿ. ಮುನಿಸಿಕೊಳ್ಳುವವರು ಮುನಿಸಿಕೊಳ್ಳಲಿ.

ಇನ್ನು ಆ ಇನ್ನೊಂದು. ಇಂಗ್ಲಿಷಿನಲ್ಲಿ ಇದಕ್ಕೆ ಕಾಗ್ನಿಟಿವ್ ಸ್ಟಿಮ್ಯುಲೇಷನ್ ಥೆರಪಿ ಎನ್ನುತ್ತಾರೆ, ಚಿಕ್ಕದಾಗಿ ಸಿ.ಎಸ್.ಟಿ. ಲಂಡನ್ನಿನ ಏಮೀ ಸ್ಪೆಕ್ಟರ್ ಮತ್ತವರ ಸಂಗಡಿಗರು ರೂಪಿಸಿ, 201 ಜನರ ಮೇಲೆ ಪ್ರಯೋಗಿಸಿ, 2003ರಲ್ಲಿ ಪ್ರಕಟಿಸಿದ್ದು. ಕೆಲವೇ ಜನರ ಗುಂಪು, ವಾರಕ್ಕೆರಡು ಸಲ, ಪ್ರತಿ ಸಲ ಮುಕ್ಕಾಲು ಗಂಟೆ, ಏಳು ವಾರ. ಒಟ್ಟು ಹದಿನಾಲ್ಕು ಕೂಟ. ಒಂದು ದಿನ ಬಾಲ್ಯ, ಒಂದು ದಿನ ಅಡುಗೆ, ಇನ್ನೊಂದು ದಿನ ದುಡ್ಡಿನ ಲೆಕ್ಕ, ಮತ್ತೊಂದು ದಿನ ಶಬ್ದಗಳು, ಹಾಡು, ಪೇಪರಿನ ಸುದ್ದಿ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಅದರ ಒಳಗುಟ್ಟು ಬೇರೆಯೇ ಇದೆ: ಅಲ್ಲಿ ಯಾರಿಗೂ ಸರಿ ಉತ್ತರವಿರುವ ಪ್ರಶ್ನೆ ಕೇಳುವುದಿಲ್ಲ, ಅಭಿಪ್ರಾಯ ಕೇಳುತ್ತಾರೆ. ಇಬ್ಬರು ನಟರ ಫೋಟೋ ಇಟ್ಟು ಇವರು ಯಾರು ಎನ್ನುವುದಿಲ್ಲ, ಇಬ್ಬರಲ್ಲಿ ಯಾರು ಚೆಂದ ಎನ್ನುತ್ತಾರೆ. ಯೋಚಿಸಿ, ಹೋಲಿಸಿ, ಶಬ್ದ ಹುಡುಕಿ, ಪಕ್ಕದವರ ಮಾತಿಗೆ ಅಲ್ಲ ಎನ್ನುವಷ್ಟರಲ್ಲಿ ಮೆದುಳಿಗೆ ಕಸರತ್ತು ಆಗಿಯೇ ಹೋಗಿರುತ್ತದೆ, ಆದರೆ ಸೋಲುವ ಅವಕಾಶವೇ ಇರುವುದಿಲ್ಲ. ಚೆನ್ನೈನ ಸ್ಕಾರ್ಫ್ ಸಂಸ್ಥೆಯವರು ಇದನ್ನು ಅಲ್ಲಿನ ಹಿರಿಯರ ಭಾಷೆಗೂ ರೂಢಿಗೂ ಒಗ್ಗಿಸಿಕೊಂಡು ನಡೆಸಿದ್ದಾರೆ.

ನಿಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಆರೇಳು ಜನರ ಗುಂಪು ಎಲ್ಲಿಂದ ಬರಬೇಕು ಎಂದು ನೀವು ಕೇಳುತ್ತೀರಿ, ಗೊತ್ತು. ನೀವು, ಅಮ್ಮ, ಮನೆಗೆಲಸಕ್ಕೆ ಬರುವಾಕೆ, ಸಾಧ್ಯವಾದರೆ ಮೇಲಿನ ಮನೆಯ ಅಜ್ಜಿ. ಮೂರು ಜನ ಸಿಕ್ಕರೂ ಸಾಕು. ನಿಜವಾಗಿ ಬೇಕಾಗಿರುವುದು ಅಮ್ಮನಿಗೆ ಅಧಿಕಾರವಿರುವ ವಿಷಯ. ಅದು ನಿಮ್ಮ ಕಾಗದದ ತುಂಬ ಇದೆ, ನಿಮಗೇ ಕಂಡಿಲ್ಲ. ಕುಂದಾಪುರದ ಕಡೆಯ ಹಳ್ಳಿಯಲ್ಲಿ ಐವತ್ತು ವರ್ಷ ಸಂಸಾರ ಮಾಡಿದವರು, ಮನೆಯಂಗಳದ ಮಲ್ಲಿಗೆ ಕಟ್ಟಿ ಮಾರಿ ನಿಮ್ಮನ್ನು ಓದಿಸಿದವರು ಎಂದು ಬರೆದಿದ್ದೀರಲ್ಲ! ಹಾಗಿದ್ದರೆ ಒಂದು ಬೆಳಿಗ್ಗೆ ಮಾರ್ಕೆಟ್ಟಿನಿಂದ ಬಿಡಿ ಮೊಗ್ಗು, ಬಾಳೆನಾರು ತಂದು ಮುಂದಿಡಿ. ಕಟ್ಟಿ ಎಂದು ಹೇಳಬೇಡಿ. ನೀವೇ ತಪ್ಪುತಪ್ಪಾಗಿ ಕಟ್ಟಲು ಶುರು ಮಾಡಿ. ಹೆಚ್ಚು ಹೊತ್ತು ನೋಡಿಕೊಂಡು ಕೂರುವವರಲ್ಲ ಅವರು. ಕೈ ಕಲಿತ ಕೆಲಸ ಮೆದುಳಿನಲ್ಲಿ ಇರುವ ಜಾಗ ಬೇರೆ, ನಿನ್ನೆಯ ಊಟ ಇರಬೇಕಾದ ಜಾಗ ಬೇರೆ. ಕಾಯಿಲೆ ಮೊದಲನೆಯದನ್ನು ಮುಟ್ಟುವುದು ತಡವಾಗಿ. ಕಟ್ಟುತ್ತಾ ಕಟ್ಟುತ್ತಾ ಕೇಳಿ: "ಈಗ ಉಡುಪಿಯಲ್ಲಿ ಅಟ್ಟೆಗೆ ಸಾವಿರ ರೂಪಾಯಿ ದಾಟಿತಂತೆ, ಜಾಸ್ತಿ ಆಯ್ತಲ್ದಾ?" ನಾಲ್ಕು ಚೆಂಡಿಗೆ ಒಂದು ಅಟ್ಟೆ ಎನ್ನುವುದು ಬೆಂಗಳೂರಿನ ನಮಗೆ ಗೊತ್ತಿಲ್ಲದ ಲೆಕ್ಕ. ಅದನ್ನು ಅಮ್ಮನೇ ಮೇಲಿನ ಮನೆಯ ಅಜ್ಜಿಗೆ ಬಿಡಿಸಿ ಹೇಳಲಿ. ಚೆಂಡಿಗೆ ಎಷ್ಟು ಬೀಳುತ್ತದೆ, ಅಷ್ಟು ಕೊಡಬಹುದೇ, ಮದುವೆ ದಿನಗಳಲ್ಲಿ ಏರಿಸುವುದು ನ್ಯಾಯವೇ ಎಂದು ಮಾತು ಬೆಳೆಯಲಿ. ಭಾಗಾಕಾರವೂ ಆಯಿತು, ವಾದವೂ ಆಯಿತು. ಲೆಕ್ಕ ತಪ್ಪಿದರೆ ತಿದ್ದಬೇಡಿ. ನೀವು ಅವರ ಹತ್ತಿರ ಹೂವು ಕೊಳ್ಳುತ್ತಿಲ್ಲ.

ಇನ್ನೊಂದು ದಿನ ಪತ್ರೊಡೆ. ಮಳೆಗಾಲದಲ್ಲಿ ಕೆಸುವಿನ ಎಲೆ ಸಿಕ್ಕರೆ ಹರಡಿಟ್ಟು, ಯಾವುದು ತುರಿಸುವ ಜಾತಿ, ಯಾವುದು ಆಗುತ್ತದೆ, ಹುಳಿ ಎಷ್ಟು ಬೇಕು ಎಂದು ಕೇಳಿ. ನಾರು ತೆಗೆಯುವ ಕೆಲಸ ಕೊಡಿ. ಒಲೆ ಮಾತ್ರ ನಿಮ್ಮ ಕೈಯಲ್ಲಿರಲಿ. ಆಸಾಡಿಯಲ್ಲಿ ಊರಲ್ಲಿ ಚೆನ್ನೆಮಣೆ ಆಡುತ್ತಿದ್ದರೆಂದಾದರೆ ಆ ಮಣೆಯನ್ನೂ ತರಿಸಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಳು. ಎಣಿಸುವುದು, ಹಂಚುವುದು, ಎದುರಾಳಿಯ ಗುಳಿಯ ಮೇಲೆ ಕಣ್ಣಿಡುವುದು, ಸರದಿ ಕಾಯುವುದು ಎಲ್ಲವೂ ಅದರೊಳಗೇ ಇದೆ. ಮಂಜೊಟ್ಟಿ ಕಾಳು ಸಿಗದಿದ್ದರೆ ಹುಣಸೆಬೀಜ ನಡೆಯುತ್ತದೆ. ನಿಯಮ ಮರೆತು ಅವರದ್ದೇ ಹೊಸ ಆಟ ಶುರುವಾದರೆ ಆ ಆಟವನ್ನೇ ಆಡಿ, ಮತ್ತು ದಯವಿಟ್ಟು ಬೇಕೆಂದೇ ಸೋಲಬೇಡಿ, ಅದು ಅವರಿಗೆ ಗೊತ್ತಾಗುತ್ತದೆ.

ಬೆಳಗಿನ ಹೊತ್ತೇ ಒಳ್ಳೆಯದು. ಸಂಜೆಯಾಗುತ್ತಿದ್ದ ಹಾಗೆ ಅಮ್ಮ "ಮನೆಗೆ ಹೋಗಬೇಕು" ಎಂದು ಚಡಪಡಿಸುತ್ತಾರೆ ಎಂದಿದ್ದೀರಿ. ಈ ಕಾಯಿಲೆಯಲ್ಲಿ ಇದು ಬಹಳ ಜನರಿಗೆ ಆಗುತ್ತದೆ. ಆ ಹೊತ್ತಿಗೆ ಯಾವ ಆಟವೂ ಬೇಡ, ದೀಪ ಬೇಗ ಹಾಕಿ, ಟಿ.ವಿ. ಆರಿಸಿ, ಜೊತೆಗಿರಿ. ಸಾಕು.

ಪರೀಕ್ಷೆ ಬೇಡ ಎಂದು ಇಷ್ಟು ಹೇಳಿದ ಮೇಲೂ ಒಂದು ಬಗೆಯ ಪ್ರಶ್ನೆಯನ್ನು ನಾನೇ ಸೂಚಿಸುತ್ತೇನೆ, ಯಾಕೆಂದರೆ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಕ್ಯಾಮರನ್ ಕ್ಯಾಂಪ್ ಡಿಮೆನ್ಷಿಯಾ ಇರುವವರಿಗೆಂದು ಬೆಳೆಸಿದ ವಿಧಾನ, ಅಂತರ ಹೆಚ್ಚಿಸುತ್ತಾ ನೆನಪಿಸುವುದು. ಕನ್ನಡಕ ಎಲ್ಲಿಟ್ಟೆ ಎಂದು ಅಮ್ಮ ಹೊತ್ತು ಹೊತ್ತಿಗೂ ಮನೆಯೆಲ್ಲ ಜಾಲಾಡುತ್ತಾರಲ್ಲ, ಅದನ್ನೇ ತೆಗೆದುಕೊಳ್ಳಿ. ಒಂದೇ ಜಾಗ ಗೊತ್ತುಮಾಡಿ, ದೇವರ ಗೂಡಿನ ಪಕ್ಕದ ಕೆಂಪು ಡಬ್ಬಿ ಎನ್ನೋಣ. "ಅಮ್ಮ, ಕನ್ನಡಕ ಇನ್ನು ಮೇಲೆ ಕೆಂಪು ಡಬ್ಬಿಯಲ್ಲಿ. ಎಲ್ಲಿ?" ಎಂದು ಆಗಲೇ ಕೇಳಿ. ಹೇಳುತ್ತಾರೆ. ಒಂದು ನಿಮಿಷ ಬಿಟ್ಟು ಕೇಳಿ, ಆಮೇಲೆ ಎರಡು, ನಾಲ್ಕು, ಎಂಟು ನಿಮಿಷ, ನಡುವೆ ಬೇರೆ ಮಾತು ಆಡುತ್ತಾ ಇರಿ. ತಪ್ಪಿದ ಕೂಡಲೇ "ಯೋಚನೆ ಮಾಡು" ಎನ್ನದೆ ಉತ್ತರ ನೀವೇ ಹೇಳಿ, ಅವರಿಂದ ಒಮ್ಮೆ ಹೇಳಿಸಿ, ಹಿಂದಿನ ಅಂತರಕ್ಕೆ ವಾಪಸು ಹೋಗಿ. ಊಹಿಸಲು ಬಿಡಬಾರದು. ಊಹಿಸಿದ ತಪ್ಪೂ ಅಚ್ಚೊತ್ತಿಬಿಡುತ್ತದೆ. ಉತ್ತರ ಹೇಳುವಾಗ ಡಬ್ಬಿಯ ತನಕ ನಡೆದು ಹೋಗಿ ಮುಟ್ಟಿದರೆ ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಒಂದೇ ವಿಷಯ. ದಿನ ನಡೆಸಲು ಬೇಕಾದ್ದು ಮಾತ್ರ, ಮೊಮ್ಮಗನ ಹುಟ್ಟಿದ ತಾರೀಕು ಅಲ್ಲ. ಬ್ರಿಟನ್ನಿನ ಲಿಂಡಾ ಕ್ಲೇರ್ ಮತ್ತು ಜೊತೆಯವರು 475 ಜನರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳೂ ಇದೇ: ಆರಂಭದ ಹಂತದವರು ತಾವೇ ಆರಿಸಿಕೊಂಡ ಸಣ್ಣ ಸಣ್ಣ ದಿನನಿತ್ಯದ ಗುರಿಗಳಲ್ಲಿ ಸುಧಾರಿಸಿದರು, ಆ ಸುಧಾರಣೆ ಒಂಬತ್ತು ತಿಂಗಳ ನಂತರವೂ ಕಂಡಿತು. ಒಟ್ಟಾರೆ ನೆನಪಿನ ಅಂಕವೇನೂ ಏರಲಿಲ್ಲ. ನನ್ನನ್ನು ಕೇಳಿದರೆ, ಕನ್ನಡಕ ಸಿಕ್ಕಿದರೆ ಅಂಕ ಯಾರಿಗೆ ಬೇಕು?

ಅಮ್ಮ ನಿಮ್ಮ ಹತ್ತಿರ ಕುಂದಾಪುರದ ಕನ್ನಡ, ಮೇಲಿನ ಮನೆಯವರ ಹತ್ತಿರ ಕೊಂಕಣಿ, ಹಳೆಯ ಗೆಳತಿಯ ಫೋನ್ ಬಂದರೆ ತುಳು ಆಡುತ್ತಾರೆ, ಇದರಿಂದ ಗೊಂದಲ ಹೆಚ್ಚುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದರು: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರವೇ ಬಾರದವರಲ್ಲೂ ಇದು ಕಂಡದ್ದು ನನಗೆ ಅಚ್ಚರಿಯ ಸಂಗತಿ, ಅಂದರೆ ಇದು ಶಾಲೆಯ ಪುಣ್ಯವಷ್ಟೇ ಅಲ್ಲ. ನಮ್ಮ ಕರಾವಳಿಯ ಸಂತೆಯಲ್ಲಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡಿದ ಹೆಂಗಸರಿಗೆ ಯಾರೂ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಆ ತುಳು ಫೋನನ್ನು ವಾರಕ್ಕೊಂದು ಸಲವಾದರೂ ನೀವೇ ಹಚ್ಚಿಕೊಡಿ.

ಈಗ ಒಂದು ಗಂಭೀರ ಮಾತು. ಇದೆಲ್ಲ ಮಾಡುವ ಮುಂಚೆ ಕಿವಿ ತೋರಿಸಿದ್ದೀರಾ? ಕಾಗದದಲ್ಲಿ ಆಸ್ಪತ್ರೆಯ ಸುದ್ದಿ ಉದ್ದಕ್ಕಿದೆ, ಕಿವಿಯ ಮಾತಿಲ್ಲ, ಆದರೆ "ಒಂದು ಕೇಳಿದರೆ ಇನ್ನೊಂದು ಹೇಳುತ್ತಾರೆ" ಎಂಬ ಸಾಲು ಎರಡು ಕಡೆ ಇದೆ. ಮಾತು ಕಿವಿಗೇ ಬೀಳದಿದ್ದರೆ ನೆನಪಿಡುವುದು ಏನನ್ನು? ಬರೀ ಗುಗ್ಗೆ ಕಟ್ಟಿಕೊಂಡು ಮಂಕಾಗಿ ಕೂತವರೂ ಇದ್ದಾರೆ. ಲ್ಯಾನ್ಸೆಟ್ ಆಯೋಗದ 2024ರ ವರದಿ ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ, ಆದರೆ ನಾವು ತಿದ್ದಬಹುದಾದ ಹದಿನಾಲ್ಕು ಕಾರಣ ಎಣಿಸಿದೆ. ಕಿವಿ ಮಂದವಾಗುವುದು, ಕಣ್ಣಿನ ತೊಂದರೆಗೆ ಚಿಕಿತ್ಸೆ ಮಾಡದೆ ಬಿಡುವುದು, ಖಿನ್ನತೆ, ಬಿ.ಪಿ., ಸಕ್ಕರೆ, ಒಂಟಿತನ ಎಲ್ಲ ಅದರಲ್ಲಿವೆ. ಇವನ್ನು ನೋಡಿಕೊಳ್ಳುವುದೇ ಆಟದ ಮಣೆಗಿಂತ ಮೊದಲಿನ ಚಿಕಿತ್ಸೆ. ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಆಗಿದೆಯೇ ನೋಡಿ, ಅಮ್ಮ ಶುದ್ಧ ಸಸ್ಯಾಹಾರಿ ಎಂದ ಮೇಲಂತೂ. ನಿದ್ದೆಗೆ, ಅಲರ್ಜಿಗೆ, ಮೂತ್ರದ ತೊಂದರೆಗೆ ಎಂದು ಹಿಂದೆ ಯಾರೋ ಬರೆದುಕೊಟ್ಟ ಹಳೆಯ ಮಾತ್ರೆಗಳಿದ್ದರೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಅವುಗಳಲ್ಲಿ ಕೆಲವು ಮರೆವನ್ನು ಹೆಚ್ಚಿಸುವಂಥವು. ನಿಲ್ಲಿಸುವುದನ್ನು ಮಾತ್ರ ಅವರು ಹೇಳಲಿ, ನೀವೇ ನಿಲ್ಲಿಸಬೇಡಿ.

ಇಷ್ಟೆಲ್ಲ ಮಾಡಿದರೆ ಅಮ್ಮ ಮೊದಲಿನಂತೆ ಆಗುತ್ತಾರಾ? ಆಗುವುದಿಲ್ಲ. ಇದನ್ನು ಸುತ್ತಿಬಳಸಿ ಹೇಳಲು ನನಗೆ ಇಷ್ಟವಿಲ್ಲ. ಗುಂಪಿನ ಚಟುವಟಿಕೆಯ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2023ರಲ್ಲಿ ಕಾಕ್ರೇನ್ ಸಂಸ್ಥೆ ಮಾಡಿದ ವಿಮರ್ಶೆ, ಲಾಭ ಚಿಕ್ಕದು, ಸುಮಾರು ಆರು ತಿಂಗಳ ಇಳಿತವನ್ನು ಮುಂದಕ್ಕೆ ಹಾಕಿದಷ್ಟು ಎನ್ನುತ್ತದೆ. ಆರು ತಿಂಗಳೆಂದರೆ ಏನು ಮಹಾ ಎನ್ನಬಹುದು. ನಿಮ್ಮ ಮಗಳ ಮದುವೆ ಮಾಘದಲ್ಲಿದೆ ಎಂದು ಬರೆದಿದ್ದೀರಿ. ಈ ಲೆಕ್ಕವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ವಿಷಯ. ಅಮ್ಮನನ್ನು ಒಬ್ಬರೇ ಇಡೀ ದಿನ ಲವಲವಿಕೆಯಿಂದ ಇಡಬೇಕೆಂಬ ಹಟ ಬೇಡ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥವರು ಮರೆವಿನ ಕಾಯಿಲೆಯವರಿಗಾಗಿಯೇ ಹಗಲು ಹೊತ್ತಿನ ಆರೈಕೆ ನಡೆಸುತ್ತಾರೆ. ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವುದು, ಅಲ್ಲಿ ಗುಂಪೂ ಸಿಗುತ್ತದೆ. ವಿಚಾರಿಸಿ ನೋಡಿ. ಹಿರಿಯರಿಗೆ ಸಂಬಂಧಿಸಿದ ಯಾವ ಮಾಹಿತಿಗೂ ಸರ್ಕಾರದ ಎಲ್ಡರ್ ಲೈನ್ 14567, ನಿಮಗೇ ತಡೆಯಲಾರದಷ್ಟು ಸಾಕಾದಾಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಅಮ್ಮನನ್ನು ಕಳಿಸಿ ನೀವು ನಿದ್ದೆ ಮಾಡಿದರೆ ಅದು ತಪ್ಪೆಂದು ಹೇಳುವ ನೆಂಟರಿಗೆ ಒಂದು ದಿನ ಅಮ್ಮನ ಜವಾಬ್ದಾರಿ ವಹಿಸಿಕೊಡಿ.

ಕೊನೆಗೆ ತಮ್ಮ. ಟ್ಯಾಬ್ಲೆಟ್ ವಾಪಸು ಕಳಿಸಬೇಡಿ. ಅವನಿಗೆ ಆಟದ ಅಂಕಗಳ ಪಟ್ಟಿ ಬೇಡ, ಕೆಲಸ ಬೇಕು. ಭಾನುವಾರ ಬೆಳಿಗ್ಗೆ ಒಂದೇ ಹೊತ್ತಿಗೆ ವಿಡಿಯೋ ಕಾಲ್ ಮಾಡಲಿ, ಮುಖ ಕಂಡ ಕೂಡಲೇ ತನ್ನ ಹೆಸರು ತಾನೇ ಹೇಳಲಿ, ಏನು ತಿಂದೆ ಎಂದು ಕೇಳದಿರಲಿ. ಬದಲಿಗೆ ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಒಂದು ಹಳೆಯ ಧ್ವನಿಮುದ್ರಣ, ಈಗಿನ ಭಾಗವತರ ಒಂದು ಪದ್ಯ ಎರಡನ್ನೂ ಆ ಟ್ಯಾಬ್ಲೆಟ್ಟಿನಲ್ಲೇ ಹಾಕಿ ಕೇಳಿಸಿ, ಯಾವುದು ಚಂದ ಎಂದು ಅಮ್ಮನಿಂದ ತೀರ್ಪು ಕೇಳಲಿ. ಕುಂದಾಪುರದವರನ್ನು ಈ ವಿಷಯದಲ್ಲಿ ಕೆಣಕಿದರೆ ಕರೆ ಅರ್ಧ ಗಂಟೆಯಲ್ಲಿ ಮುಗಿಯುವುದಿಲ್ಲ ಎಂದು ಅವನಿಗೆ ಮೊದಲೇ ಎಚ್ಚರಿಸಿ. ಕಿವಿಯ ಡಾಕ್ಟರು ಏನು ಹೇಳಿದರು ಎಂದು ನನಗೆ ಬರೆಯಿರಿ.

ಇಂತಿ,
ನಿಮ್ಮ ಗೆಳತಿ